ಕಳುವಾದ ಹೆಸರು

ಲುವಾಮ್‌ಳ ಹೆಸರು ಕಳುವಾಗಿತ್ತು. ಅದೂ ಎರಡನೇ ಸಲ.

ಅಂಚೆಪೆಟ್ಟಿಗೆಯ ಮೇಲೆ ಅವಳು ಅಂಟಿಸಿದ್ದ ಚೀಟಿ ಮಾಯ. ಅದರಡಿಯಿಂದ ಹಿಂದಿನ ಬಾಡಿಗೆದಾರಳ ಹೆಸರು ಇಣುಕುತ್ತಿತ್ತು: ರೈಮರ್ಸ್. ಲೈಪ್‌ಜಿಗ್‌ನ ಆ ಕಟ್ಟಡದಲ್ಲಿ ಮನೆಗಳಿಗೆ ನಂಬರಿಲ್ಲ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್. ವಿದೇಶೀಯರ ಕಚೇರಿಯ ಕರೆಪತ್ರ ಹಾಗೆಯೇ ವಾಪಸಾಗಿತ್ತು. ಆಡಿಸ್ ಅಬಾಬದಲ್ಲಿ ಅಜ್ಜಿಯ ಜೊತೆಗಿರುವ ಮಗಳು ವಿಂತಾಳನ್ನು ಕರೆಸಿಕೊಳ್ಳುವ ಅರ್ಜಿಯದು. ಕರೆದರೂ ಬರಲಿಲ್ಲವೆಂದು ಕಡತ ಮುಚ್ಚಲು ಹೊರಟಿದ್ದಾರೆಂದು ಅವಳೇ ಹೋಗಿ ವಿಚಾರಿಸಿದಾಗ ತಿಳಿಯಿತು.

"ಅಳೋದು ಆಮೇಲೆ. ಯಾರ ಮೇಲೆ ಅನುಮಾನ ಹೇಳು," ಎಂದಳು ನಾನುಲಿ.

ನಾನುಲಿ ಜಾರ್ಜಿಯಾದಲ್ಲಿ ಪೊಲೀಸ್ ಪತ್ತೇದಾರಳಾಗಿದ್ದವಳು. ನಿವೃತ್ತಳಾಗಿ ಮಗನ ಮನೆಗೆ ಬಂದು, ಈಗ ಲುವಾಮ್ ಪಕ್ಕದ ಬೆಂಚಿನಲ್ಲಿ ಜರ್ಮನ್ ಕಲಿಯುತ್ತಿದ್ದಳು. ಇಬ್ಬರ ನಡುವೆ ಇದ್ದದ್ದೂ ಅದೇ ಅರೆಬೆಂದ ಜರ್ಮನ್.

"ಕೆಳಗಿನ ಮನೆ ಪಿಟ್ಸ್‌ನರ್ ಕಣಕ್ಕಾ. ಹಸಿ ಕಸ ಒಣ ಕಸ ಬೇರೆ ಮಾಡಿಲ್ಲ, ಭಾನುವಾರ ಸದ್ದು ಮಾಡ್ದೆ ಅಂತ ದಿನಾ ಬೈತಾನೆ."

* * *

ಪಿಟ್ಸ್‌ನರ್ ಕೆಂಡವಾದ.

"ನಾನು ಕೀಳೋದಾ? ಪೆಟ್ಟಿಗೆ ಮೇಲೆ ಹೆಸರು ಇರಲೇಬೇಕು, ಅದು ನಿಯಮ! ಆ ಹಳೇ ರೈಮರ್ಸ್ ಹೆಸರು ತೆಗೀರಿ ಅಂತ ಬಡ್ಕೊಂಡು ಸಾಕಾಗಿದೆ."

ನಾನುಲಿಗೆ ಭಾಷೆ ಬಾರದೆಂದು ಅವನು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ. ಭಾಷೆ ಬಾರದವರ ಮುಂದೆ ಜನ ಬೇಕಾದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಅವಳಿಗೆ ಇದು ಹೊಸ ಅನುಕೂಲ.

ಅವಳು ಪೆಟ್ಟಿಗೆಗೆ ಮೂಗು ತಾಗಿಸಿದಳು. ವಿನೆಗರ್ ವಾಸನೆ. ಅಂಟಿನ ಕಲೆಯೂ ಉಳಿದಿರಲಿಲ್ಲ.

"ಈ ವಾರ ಮೆಟ್ಟಿಲು ತೊಳೆಯೋ ಸರದಿ ಯಾರದು?"

"ಟಿಲ್ಮನ್ ಅಜ್ಜಿದು. ಅವರ ಬಾಗಿಲಿಗೆ ಸರದಿ ಫಲಕ ನೇತಾಡ್ತಿದೆ ನೋಡಕ್ಕಾ," ಎಂದಳು ಲುವಾಮ್.

"ಹೋದ ಸಲ ಹೆಸರು ಹೋದಾಗ?"

ಲುವಾಮ್ ನೆನಪು ಮಾಡಿಕೊಂಡಳು. ಅವಳ ಮುಖ ಬಾಡಿತು. "ಆಗಲೂ ಅವರದೇ. ಆದ್ರೆ ಅಕ್ಕಾ, ಅವರು ನಂಗೆ ಕೇಕ್ ಕೊಡ್ತಾರೆ!"

* * *

ಟಿಲ್ಮನ್ ಅಜ್ಜಿ ಕಾಫಿ ಬಗ್ಗಿಸುತ್ತಿದ್ದಳು. ನಾನುಲಿಗೆ ಸುತ್ತಿ ಬಳಸಿ ಕೇಳುವಷ್ಟು ಜರ್ಮನ್ ಇರಲಿಲ್ಲ.

"ರೈಮರ್ಸ್ ಯಾರು?"

ಕಾಫಿ ತಟ್ಟೆಗೆ ಚೆಲ್ಲಿತು.

"ದ್ವೇಷ ಇದ್ದೋರು ಪರಚಿ ಕೀಳ್ತಾರೆ," ಎಂದಳು ನಾನುಲಿ. "ಪಿಟ್ಸ್‌ನರ್ ಆಗಿದ್ರೆ ಎರಡೂ ಹೆಸರು ಹೋಗ್ತಿತ್ತು. ನೀವು ಮೇಲಿನ ಚೀಟಿ ಮಾತ್ರ ನೆನೆಸಿ ತೆಗೆದಿರಿ. ಕೆಳಗಿನ ಹೆಸರಿಗೆ ಒಂದು ಗೀರೂ ಇಲ್ಲ. ಸರದಿ ವಾರ ಬಟ್ಟೆ ಹಿಡಿದು ನಿಂತೋರನ್ನ ಯಾರು ಕೇಳ್ತಾರೆ? ಲುವಾಮ್ ಹೆಸರು ಹೋಗ್ಲಿ ಅಂತಲ್ಲ. ಆ ಹೆಸರು ಕಾಣಲಿ ಅಂತ."

"ನನ್ನ ಮಗಳು. ರೈಮರ್ಸ್ ಅನ್ನೋದು ಅವಳ ಗಂಡನ ಮನೆ ಹೆಸರು." ಅಜ್ಜಿ ಚೆಲ್ಲಿದ ಕಾಫಿ ಒರೆಸಿದಳು. "ಜಗಳ ಆಡ್ಕೊಂಡು ಹೋದ್ಲು. ಎಲ್ಲಿದಾಳೋ ಗೊತ್ತಿಲ್ಲ. ಒಂದಿನ ಬಾಗಿಲಿಗೆ ಬಂದು, ತನ್ನ ಹೆಸರು ಕಿತ್ತಾಕಿದಾರೆ ಅಂತ ನೋಡಿ ತಿರುಗಿ ಹೋದ್ರೆ?"

"ನನ್ನ ಕೇಳ್ಬಹುದಿತ್ತಲ್ಲ ಅಜ್ಜಿ!" ಎಂದಳು ಲುವಾಮ್.

"ಬಿಲ್ಡಿಂಗ್‌ಗೆಲ್ಲ ಗೊತ್ತಾಗ್ತಿತ್ತು. ಪೋಸ್ಟ್‌ಮ್ಯಾನ್‌ಗೆ ನಿನ್ನ ಗುರುತಿದೆ, ಕೊಟ್ಟು ಹೋಗ್ತಾನೆ ಅಂದ್ಕೊಂಡೆ. ಅವನ ಬದಲಿಗೆ ಹೊಸಬ ಬಂದಿದ್ದು ಗೊತ್ತಿರ್ಲಿಲ್ಲ."

ಲುವಾಮ್‌ಗೆ ಕೋಪ ಉಕ್ಕಿತು. "ನಿಮ್ಮ ಮಗಳಿಗೋಸ್ಕರ ನನ್ನ ಮಗಳನ್ನ ತಡೆದ್ರಿ."

ಅಜ್ಜಿ ಎದ್ದು ಕೋಟು ಹಾಕಿಕೊಂಡಳು.

* * *

ಕಚೇರಿಯಲ್ಲಿ ಅಜ್ಜಿಯೇ ಮೊದಲು ಮಾತಾಡಿದಳು. "ಇವಳ ಹೆಸರು ಕಿತ್ತಿದ್ದು ನಾನು. ಇವಳದೇನೂ ತಪ್ಪಿಲ್ಲ. ಸಹಿ ಎಲ್ಲಿ ಹಾಕ್ಬೇಕು?"

ಅಧಿಕಾರಿ ಇಬ್ಬರನ್ನೂ ನೋಡಿದ. "ಯಾಕೆ ಕಿತ್ತಿರಿ?"

ಅಜ್ಜಿಗೆ ತನ್ನ ತಾಯಿನುಡಿಯಲ್ಲೇ ಮಾತು ಹೊರಡಲಿಲ್ಲ. ಲುವಾಮ್ ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ದೂರಿನ ವಾಕ್ಯಗಳು. ಅವಳು ಅವನ್ನೆಲ್ಲ ಬಿಟ್ಟಳು. ತಡವರಿಸುತ್ತಾ, ತನ್ನದೇ ಜರ್ಮನ್‌ನಲ್ಲಿ ಹೇಳಿದಳು:

"ಸರ್, ಇವರೂ ಮಗಳಿಗೆ ಕಾಯ್ತಾ ಇದಾರೆ."

ಅಧಿಕಾರಿ ಕಡತ ತೆರೆದು ಲುವಾಮ್‌ಳ ಭೇಟಿಗೆ ಹೊಸ ದಿನಾಂಕ ಬರೆದ.