ಹೊರಟರೆ ಮಾತ್ರ ಆರುವ ದೀಪ

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಗಡಿಯಾರ ರಿಪೇರಿಯವನ ಮಗಳು ಠಾಣೆಗೆ ಬಂದಾಗ ಅವಳ ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಆಸ್ಪತ್ರೆಯ ಮೆಟ್ಟಿಲ ಮೇಲೋ ಆಟೊದಲ್ಲೋ ಉಳಿದಿತ್ತು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನಮ್ಮಪ್ಪ ರಸ್ತೆ ದಾಟ್ತಿದ್ರು ಸರ್. ಬೈಕ್‌ನವನು ಗುದ್ದಿ ಹೋಗ್ಬಿಟ್ಟ."

"ಎಲ್ಲಿ? ಎಷ್ಟೊತ್ತಿಗೆ?"

"ಮಾರ್ಕೆಟ್ ಹಿಂದಿನ ರಸ್ತೆ. ಹನ್ನೆರಡೂ ಕಾಲು ಇರ್ಬೇಕು."

"ನಿಲ್ಲಿಸಲೇ ಇಲ್ವಾ?"

"ನಿಲ್ಲಿಸ್ದನಂತೆ. ಇಳಿದು, ಬಗ್ಗಿ ನೋಡ್ದನಂತೆ. ಜನ ಓಡಿ ಬರೋದು ಕಂಡ ಮೇಲೆ ಪರಾರಿ. ನೋಡದೆ ಹೋಗಿದ್ರೆ ಗೊತ್ತಾಗ್ಲಿಲ್ಲ ಅನ್ಬಹುದಿತ್ತು. ಇವನು ನೋಡಿ ಹೋಗಿದ್ದಾನೆ."

ಮುದುಕನಿಗೆ ತಲೆಗೆ ಪೆಟ್ಟು, ಸೊಂಟದ ಮೂಳೆ ಮುರಿತ. ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅಜಾಗರೂಕ ಚಾಲನೆ, ತೀವ್ರ ಗಾಯ, ಅಪಘಾತದ ನಂತರ ಪರಾರಿ ಎಂದು ಎಫ್‌ಐಆರ್ ದಾಖಲಾಯಿತು. ಮುದುಕ ಉಳಿಯದಿದ್ದರೆ ಸೆಕ್ಷನ್ ಬದಲಾಗುತ್ತದೆ ಎಂಬುದನ್ನು ಇನ್‌ಸ್ಪೆಕ್ಟರ್ ಅವಳೆದುರು ಹೇಳಲಿಲ್ಲ. ಹೇಳುವಂಥ ಮಾತೂ ಅಲ್ಲ.

ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲ ಇತ್ತು. ಕಪ್ಪು ಜರ್ಕಿನ್, ಮುಖ ಮುಚ್ಚಿದ ಹೆಲ್ಮೆಟ್ಟು, ಹಿಂದೆ ಕನ್ನಡಿಯಂತೆ ಸ್ವಚ್ಛವಾದ ನಂಬರ್ ಪ್ಲೇಟು.

"ಮುಖ ಮುಚ್ಕೊಂಡು ನಂಬರ್ ತೋರಿಸ್ಕೊಂಡು ಹೋಗಿದ್ದಾನೆ ಸರ್, ಪುಣ್ಯಾತ್ಮ," ಅಂದರು ದಫೇದಾರ್. ಆರಡಿ ಎತ್ತರದ ಆಳು, ಗಂಟಲೂ ಅಷ್ಟೇ ದೊಡ್ಡದು.

ವಿಳಾಸ ಹಿಡಿದು ಹೋದಾಗ ನಾಲ್ಕೂವರೆ. ಗಲ್ಲಿಯ ಕೊನೆಯ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಬೈಕು ನಿಲ್ಲುವಷ್ಟು ಅಂಗಳ. ಬೈಕು ಅಲ್ಲೇ ಇತ್ತು, ಎಡಗಡೆಯ ಇಂಡಿಕೇಟರ್ ಒಡೆದು ನೇತಾಡುತ್ತಿತ್ತು. ದಫೇದಾರ್ ಕರೆಗಂಟೆ ಒತ್ತಿದರು. ಸದ್ದಿಲ್ಲ. ನೋಡಿದರೆ ಗಂಟೆಯ ತಂತಿ ಕಿತ್ತಿಟ್ಟಿತ್ತು. ಬಾಗಿಲು ಬಡಿಯಲು ಕೈ ಎತ್ತುವಷ್ಟರಲ್ಲಿ ಬಾಗಿಲು ತಾನೇ ತೆರೆಯಿತು. ಒಳಗೆ ನಿಂತ ಹೆಂಗಸು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು.

"ಮಲಗಿದ್ದಾರೆ," ಎಂದು ಪಿಸುಗುಟ್ಟಿದಳು.

ಪೊಲೀಸರನ್ನು ಕಂಡು ಅತ್ತವರಿದ್ದಾರೆ, ಓಡಿದವರಿದ್ದಾರೆ. ಮೆತ್ತಗೆ ಮಾತಾಡಿ ಅಂದವಳು ಇವಳೇ ಮೊದಲು. ಇನ್‌ಸ್ಪೆಕ್ಟರ್ ಒಳಗೆ ಕಣ್ಣಾಡಿಸಿದರು. ಕಿಟಕಿಗೆ ಕಪ್ಪು ಬೆಡ್‌ಶೀಟು. ಕುರ್ಚಿಯ ನಾಲ್ಕೂ ಕಾಲಿಗೆ ಹಳೇ ಬಟ್ಟೆ ಸುತ್ತಿತ್ತು. ಅಡುಗೆಮನೆಯ ನಲ್ಲಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿ ಬಕೆಟ್ಟಿನೊಳಗೆ ಇಳಿಬಿಟ್ಟಿದ್ದಳು. ಸೋರುವ ಹನಿ ಟಪ್ ಎನ್ನದೆ ಪಟ್ಟಿಯಗುಂಟ ಇಳಿದು ಹೋಗಲಿ ಎಂದು. ಎಲ್ಲಿದ್ದರೂ ಗುಡುಗುವ ದಫೇದಾರ್ ಕೂಡ, ತನಗೇ ತಿಳಿಯದೆ, "ಎಬ್ಬಿಸಮ್ಮ" ಎಂದು ಪಿಸುದನಿಯಲ್ಲಿ ಹೇಳಿ ಆಮೇಲೆ ಪೆಚ್ಚಾದರು.

ಗಂಡ ಎದ್ದ. ಅವನದೂ ದಫೇದಾರರಷ್ಟೇ ಎತ್ತರ. ಕಣ್ಣು ಕೆಂಡದ ಹಾಗಿತ್ತು. ಪೊಲೀಸರನ್ನು ನೋಡುವ ಮೊದಲು ಹೆಂಡತಿಯನ್ನು ನೋಡಿದ. "ಎಷ್ಟು ಸಲ ಹೇಳ್ಬೇಕು ನಿಂಗೆ?"

"ಏನು ಕೆಲಸ?" ಇನ್‌ಸ್ಪೆಕ್ಟರ್ ನಡುವೆ ಬಂದರು.

"ಫ್ಯಾಕ್ಟರಿ ಬಾಯ್ಲರ್. ನೈಟ್ ಶಿಫ್ಟು, ಏಳು ವರ್ಷದಿಂದ. ನಾನು ತೂಕಡಿಸಿದ್ರೆ ಅಲ್ಲಿ ನಾಲ್ಕು ಜನ ಬೆಂದು ಹೋಗ್ತಾರೆ ಸರ್. ಅದಕ್ಕೇ ಈ ನಿದ್ದೆ."

"ಇವತ್ತು ಹನ್ನೆರಡೂ ಕಾಲಿಗೆ ಎಲ್ಲಿದ್ರಿ?"

"ಇಲ್ಲೇ. ಒಂಬತ್ತಕ್ಕೆ ಮಲಗಿದ್ದು, ಈಗ ನೀವು ಎಬ್ಬಿಸಿದ್ದು."

"ಬೈಕನ್ನ ಬೇರೆ ಯಾರು ಓಡಿಸ್ತಾರೆ?"

"ಯಾರೂ ಇಲ್ಲ."

"ಇವ್ರು?"

ಗಂಡ ನಕ್ಕ. "ಇವಳಾ? ಇವಳಿಗೆ ಸೈಕಲ್ಲೂ ಬರಲ್ಲ."

ಹೆಂಡತಿ ನೆಲ ನೋಡುತ್ತಿದ್ದಳು. ಅವಳ ಹೇಳಿಕೆಯೂ ಅದೇ. ಮಲಗಿದ್ದರು, ನಾನು ಅಡುಗೆಮನೆಯಲ್ಲಿದ್ದೆ. ಗಂಡನನ್ನು ಕಾಯುವುದಕ್ಕೆ ಹೆಂಡತಿ ಹೇಳುವ ಸುಳ್ಳು ಎಂದು ದಫೇದಾರ್ ಅಲ್ಲೇ ತೀರ್ಮಾನಿಸಿಬಿಟ್ಟರು. ಬೈಕನ್ನು ಜಪ್ತಿ ಮಾಡಿ ವ್ಯಾನಿಗೆ ಹೇರಿದರು, ಗಂಡನನ್ನು ವಿಚಾರಣೆಗೆ ಕರೆತಂದರು. ರಾತ್ರಿಯೆಲ್ಲ ಅವನದು ಒಂದೇ ಪಾಠ: ಮಲಗಿದ್ದೆ ಸರ್.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಯ ಅಂಗಳದಲ್ಲಿ ಬೈಕಿನ ಪಂಚನಾಮೆ. ಪಂಚರಾಗಿ ಎದುರಿನ ಝೆರಾಕ್ಸ್ ಅಂಗಡಿಯವನು ಮತ್ತು ಪಂಕ್ಚರ್ ಅಂಗಡಿಯವನು. ಹೆಂಡತಿ ಗಾಡಿಯ ಕಾಗದ, ಕೀ, ಗಂಡನ ಊಟದ ಡಬ್ಬಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಕೀ ಕೊಟ್ಟಳು. ಡಬ್ಬಿ ಕೈಯಲ್ಲೇ ಉಳಿಯಿತು.

ದಫೇದಾರ್ ಬೈಕು ಹತ್ತಿ ಕೂತರು. "ಏನು ಕನ್ನಡಿಗಳೋ. ನನ್ನ ಮೊಣಕೈ ಬಿಟ್ರೆ ಇನ್ನೇನೂ ಕಾಣ್ತಿಲ್ಲ," ಎಂದು ಗೊಣಗಿ ಕೀ ತಿರುಗಿಸಿದರು. ಮೀಟರಿನಲ್ಲಿ ದೀಪಗಳೆಲ್ಲ ಒಟ್ಟಿಗೆ ಹತ್ತಿದವು: ಕೆಂಪು ಆಯಿಲ್‌ನದು, ಹಳದಿ ಎಂಜಿನ್ನಿನದು, ಹಸಿರು ನ್ಯೂಟ್ರಲ್‌ನದು, ಮತ್ತೊಂದು ಹಳದಿ ಎಬಿಎಸ್ ಬ್ರೇಕಿನದು. ಸ್ಟಾರ್ಟ್ ಮಾಡಿದರು. ಕೆಂಪು ಆರಿತು, ಎಂಜಿನ್ನಿನದು ಆರಿತು. ಬ್ರೇಕಿನದು ಮಾತ್ರ ಉರಿಯುತ್ತಲೇ ಇತ್ತು. ದಫೇದಾರರ ಸ್ವಂತ ಗಾಡಿ ಹಾರ್ನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುವಂಥದ್ದು. ಅದರಲ್ಲಿ ದೀಪ ಎಂಬುದೇ ಇರಲಿಲ್ಲ.

"ಬರ್ಕೊಳ್ಳಿ," ಎಂದರು ರೈಟರ್‌ಗೆ. "ಬ್ರೇಕ್ ದೋಷದ ದೀಪ ಆರ್ತಿಲ್ಲ. ಕೆಟ್ಟ ಬ್ರೇಕ್ ಅಂತ ಗೊತ್ತಿದ್ದೂ ಓಡಿಸಿದ್ದಾನೆ."

"ಹಾಗೆ ಬರೆದ್ರೆ ಅವ್ರಿಗೆ ಏನಾಗತ್ತೆ?" ಹೆಂಡತಿ ಕೇಳಿದಳು.

"ಕೇಸ್ ಇನ್ನೂ ಬಿಗಿ ಆಗತ್ತಮ್ಮ, ಇನ್ನೇನಾಗತ್ತೆ."

ಅವಳು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ನಿಂತಳು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ಮೆಲ್ಲಗೆ ಅಂದಳು: "ಬ್ರೇಕ್ ಚೆನ್ನಾಗಿದೆ. ಆ ದೀಪ ನಿಂತಲ್ಲಿ ಆರಲ್ಲ ಸರ್. ಸ್ವಲ್ಪ ಮುಂದೆ ಹೋದ್ರೆ ತಾನೇ ಆರತ್ತೆ."

ಇನ್‌ಸ್ಪೆಕ್ಟರ್ ಅವಳ ಮುಖ ನೋಡಲಿಲ್ಲ. ದಫೇದಾರ್ ಕಡೆ ತಿರುಗಿ, "ಗೇಟಿನ ತನಕ ಓಡಿಸಿ" ಎಂದರು. ಬೈಕು ನಾಲ್ಕು ಮಾರು ಹೋಗುವಷ್ಟರಲ್ಲಿ ದೀಪ ಆರಿತು. ಬ್ರೇಕು ಹಿಡಿದ ಕಡೆ ನಿಂತಿತು. ರೈಟರ್ ಬರೆದದ್ದನ್ನು ಹೊಡೆದುಹಾಕಿದ.

ಆಮೇಲೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲನ್ನು ಕರೆದರು. ಅವಳು ಗಿಡ್ಡ, ಹೆಚ್ಚುಕಡಿಮೆ ಆ ಹೆಂಡತಿಯಷ್ಟೇ ಎತ್ತರ. "ಕನ್ನಡಿ ಮುಟ್ಟದೆ ಗಾಡಿ ಮೇಲೆ ಕೂತ್ಕೋ. ಏನು ಕಾಣತ್ತೆ?"

"ಹಿಂದಿನ ರಸ್ತೆ ಪೂರ್ತಿ ಕಾಣತ್ತೆ ಸರ್. ನಂಗೇ ಅಂತ ತಿರುಗಿಸಿಟ್ಟ ಹಾಗಿದೆ."

ಒಳಗೆ ಬೆಂಚಿನ ಮೇಲೆ ಗಂಡ ತೂಕಡಿಸುತ್ತಿದ್ದ. ಇನ್‌ಸ್ಪೆಕ್ಟರ್ ಅವನ ಭುಜ ತಟ್ಟಿದರು. "ನಿಮ್ಮ ಹೆಂಡ್ತಿ ಬೈಕ್ ಮೇಲೆ ಕೂರ್ತಾರಾ?"

"ವರ್ಷಕ್ಕೆ ಒಂದೆರಡು ಸಲ. ಹಿಂದೆ, ಒಂದೇ ಕಡೆ ಕಾಲು ಹಾಕ್ಕೊಂಡು."

"ಅಲ್ಲಿಂದ ಮೀಟರ್ ಕಾಣತ್ತಾ?"

"ನನ್ನ ಬೆನ್ನು ದಾಟಿ ಏನು ಕಾಣತ್ತೆ ಸರ್? ಗೋಡೆ ಹಿಂದೆ ಕೂತ ಹಾಗೆ."

ಇನ್‌ಸ್ಪೆಕ್ಟರ್ ಅವನಿಗೆ ಮನೆಗೆ ಹೋಗಲು ಹೇಳಿದರು. ಅವನು ಹೆಂಡತಿಯ ಕೈಯಿಂದ ಡಬ್ಬಿ ಇಸಿದುಕೊಂಡ. "ಇವತ್ತು ರಾತ್ರಿ ಹೋಗ್ಲೇಬೇಕು. ಐದಕ್ಕೆ ಎಬ್ಬಿಸು," ಎಂದು ಹೊರಟ. ಅವಳೂ ಹೆಜ್ಜೆ ಹಾಕಿದಳು.

"ನೀವು ಇರಿ ಅಮ್ಮ," ಅಂದರು ಇನ್‌ಸ್ಪೆಕ್ಟರ್. "ಒಂದು ಸಹಿ ಇದೆ."

ಕೋಣೆಯಲ್ಲಿ ಮಹಿಳಾ ಕಾನ್‌ಸ್ಟೆಬಲ್ ಅವಳಿಗೆ ನೀರು ಕೊಟ್ಟಳು. ಇನ್‌ಸ್ಪೆಕ್ಟರ್ ಸುತ್ತಿ ಬಳಸಲಿಲ್ಲ.

"ಎಷ್ಟು ದಿನದಿಂದ ಓಡಿಸ್ತಿದ್ದೀರಿ?"

ಅವಳ ಕೈಯಿಂದ ಸ್ಟೀಲ್ ಲೋಟ ಜಾರಿ ನೆಲಕ್ಕೆ ಬಿತ್ತು. ಠಣ್ ಎಂದು ಕೋಣೆಯೆಲ್ಲ ಮೊಳಗಿತು. ಅವಳು ಕಲ್ಲಾದಳು. ಉಸಿರು ಹಿಡಿದು, ಕತ್ತು ವಾಲಿಸಿ, ಒಳಗಿನ ಬಾಗಿಲ ಕಡೆ ಕಿವಿಗೊಟ್ಟಳು. ಅಲ್ಲಿ ಯಾರೂ ಮಲಗಿರಲಿಲ್ಲ. ಆಚೆ ವೈರ್‌ಲೆಸ್ ಕರಕರ ಎನ್ನುತ್ತಿತ್ತು, ದಫೇದಾರ್ ಯಾರಿಗೋ ಬೈಯುತ್ತಿದ್ದರು.

"ಬಿದ್ರೆ ಬೀಳ್ಲಿ ಬಿಡಮ್ಮ," ಅಂದಳು ಕಾನ್‌ಸ್ಟೆಬಲ್.

ಹೆಂಗಸು ಅಳತೊಡಗಿದಳು. ಅದಕ್ಕೂ ಸದ್ದಿರಲಿಲ್ಲ.

"ಅಜ್ಜ ಹೇಗಿದ್ದಾರೆ?"

"ಕಣ್ಣು ಬಿಟ್ಟಿದ್ದಾರಂತೆ. ಪ್ರಾಣಕ್ಕೆ ಅಪಾಯ ಇಲ್ಲ ಅಂದಿದ್ದಾರೆ ಡಾಕ್ಟ್ರು. ಈಗ ಹೇಳಿ."

"ಒಂಬತ್ತರಿಂದ ಐದರ ತನಕ ಮನೇಲಿ ಏನೂ ಸದ್ದು ಆಗ್ಬಾರ್ದು ಸರ್. ರೇಡಿಯೊ ಇಲ್ಲ, ಮಿಕ್ಸಿ ಇಲ್ಲ. ಕೆಮ್ಮು ಬಂದ್ರೆ ದಿಂಬು. ಅವ್ರದ್ದು ತಪ್ಪು ಅನ್ನೋಕೂ ಆಗಲ್ಲ. ಅವ್ರಿಗೆ ನಿದ್ದೆ ಬೇಕೇ ಬೇಕು." ಕಣ್ಣು ಒರೆಸಿಕೊಂಡಳು. "ಒಂದಿನ ಅಂಗಳದಲ್ಲಿ ಸುಮ್ನೆ ಗಾಡಿ ಮೇಲೆ ಕೂತು ಕೀ ತಿರುಗಿಸ್ದೆ. ಕೀ ತಿರುಗಿಸಿದ್ರೆ ಸದ್ದು ಬರಲ್ಲ ನೋಡಿ. ದೀಪ ಎಲ್ಲಾ ಹತ್ಕೊಳ್ತು. ಎಷ್ಟು ಚೆನ್ನಾಗಿತ್ತು ಗೊತ್ತಾ. ದಿನಾ ಹಾಗೇ ಕೂರ್ತಿದ್ದೆ. ಯಾವ್ಯಾವುದು ಹತ್ತತ್ತೆ, ಯಾವುದು ಮೊದ್ಲು ಆರತ್ತೆ ಅಂತ ನೋಡ್ತಾ. ಸಂಜೆ ಇವ್ರು ಸ್ಟಾರ್ಟ್ ಮಾಡಿದ್ರೂ ಅದೊಂದು ಹಳದಿ ಮಾತ್ರ ಆರ್ತಾನೇ ಇರ್ಲಿಲ್ಲ."

"ಆಮೇಲೆ?"

"ಮದ್ವೆಗೆ ಮುಂಚೆ ಅಣ್ಣನ ಗಾಡಿ ಓಡಿಸಿದ್ದೆ. ಇವ್ರಿಗೆ ಹೇಳಿರ್ಲಿಲ್ಲ. ಒಂದಿನ ಗಲ್ಲಿ ದಾಟಿ ಮೇನ್ ರೋಡ್ ತನಕ ತಳ್ಕೊಂಡ್ ಹೋಗಿ ಸ್ಟಾರ್ಟ್ ಮಾಡ್ದೆ. ನಾಲ್ಕು ಮಾರು ಹೋಗಿದ್ದಷ್ಟೇ, ಆ ದೀಪ ಆರ್ತು. ಹೊರಟ್ರೆ ಮಾತ್ರ ಆರೋದು ಅದು ಅಂತ ಅವತ್ತು ಗೊತ್ತಾಯ್ತು." ಅವಳ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಎರಡು ತಿಂಗಳಿಂದ ದಿನಾ ಅರ್ಧ ಗಂಟೆ, ಇವ್ರ ಜರ್ಕಿನ್ ಹಾಕ್ಕೊಂಡು. ಹೆಲ್ಮೆಟ್ ಒಳಗೆ ಜೋರಾಗಿ ಹಾಡ್ಕೊಂಡು ಹೋಗ್ತಿದ್ದೆ ಸರ್. ನಿನ್ನೆನೂ ಹಾಡ್ತಿದ್ದೆ. ಅಜ್ಜ ಕಾಣ್ಲಿಲ್ಲ."

"ನಿಂತವರು ಯಾಕೆ ಓಡಿದ್ರಿ?"

"ಲೈಸೆನ್ಸ್ ಇಲ್ಲ. ಜನ ಸೇರಿದ್ರೆ ಗಲಾಟೆ ಆಗತ್ತೆ, ಮನೆಗೆ ಬರ್ತಾರೆ, ಅವ್ರು ಎದ್ಬಿಡ್ತಾರೆ ಅನ್ನಿಸ್ತು. ಅಷ್ಟೇ ಅನ್ನಿಸಿದ್ದು. ಕನ್ನಡಿ ವಾಪಸ್ ತಿರುಗಿಸೋದೂ ಮರೆತೆ. ನಿನ್ನೆ ಬಾಯಿ ಬಿಡೋಣ ಅಂದ್ಕೊಂಡೆ, ಅವ್ರು ನಕ್ರಲ್ಲ, ಆಗ ಬಾಯೇ ಬರ್ಲಿಲ್ಲ."

ಹನ್ನೆರಡು ಗಂಟೆಗೆ ಅವಳನ್ನು ದಸ್ತಗಿರಿ ಮಾಡಿದ್ದಾಗಿ ದಾಖಲಾಯಿತು. ಜಾಮೀನು ಸಿಗುವ ಕೇಸು. ಬಿಡಿಸಿಕೊಳ್ಳಲು ಮನೆಯವರು ಬರಬೇಕು. ಕಾರಣ ಏನು ಎಂಬ ಜಾಗದಲ್ಲಿ ಏನು ಬರೆಯುವುದೆಂದು ಇನ್‌ಸ್ಪೆಕ್ಟರಿಗೆ ಹೊಳೆಯಲಿಲ್ಲ. ದುಡ್ಡಲ್ಲ, ದ್ವೇಷವಲ್ಲ. ಮನೆಯಲ್ಲಿ ಸದ್ದು ಮಾಡುವ ಹಾಗಿರಲಿಲ್ಲ ಎಂದು ಬರೆದರು. ಕೋರ್ಟಿನಲ್ಲಿ ನಗುತ್ತಾರೇನೋ ಅನ್ನಿಸಿತು. ನಗಲಿ ಎಂದು ಹಾಗೇ ಬಿಟ್ಟರು.

"ದಸ್ತಗಿರಿ ವಿಷಯ ಮನೆಯವ್ರಿಗೆ ತಿಳಿಸ್ಬೇಕು ಅಮ್ಮ, ಕಾನೂನು. ನಿಮ್ಮ ಯಜಮಾನರ ನಂಬರ್ ಹೇಳಿ."

ಅವಳು ನಂಬರ್ ಹೇಳಿದಳು. ಇನ್‌ಸ್ಪೆಕ್ಟರ್ ಫೋನ್ ಎತ್ತಿದೊಡನೆ ಅವಳ ಕೈ ಮೇಜಿನ ಮೇಲೆ ಮುಂದೆ ಬಂತು. ಮತ್ತೆ ಅದೇ ಪಿಸುದನಿ.

"ಈಗಷ್ಟೇ ಮಲಗಿರ್ತಾರೆ ಸರ್. ಐದು ಗಂಟೆ ಮೇಲೆ ಮಾಡಿ."

ಇನ್‌ಸ್ಪೆಕ್ಟರ್ ಗೋಡೆಯ ಗಡಿಯಾರ ನೋಡಿದರು, ಅವಳ ಮುಖ ನೋಡಿದರು, ನಂಬರ್ ಒತ್ತಿದರು. ಅತ್ತ ಕಡೆ ಫೋನ್ ರಿಂಗಾಗತೊಡಗಿತು. ಅವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಳು.