ಮುಹೂರ್ತ ಇಡುವವರು ಯಾರು?

"ಹೆಣ್ಣು ನೋಡೋಕೆ ಬರಬೇಕಿದ್ದದ್ದು ನಿನ್ನೆ," ಎಂದಳು ಗಂಗಾಂಬಿಕೆ, ಹೊಸ್ತಿಲಿಗೆ ಅಡ್ಡ ನಿಂತು.

ಉಳಿದ ಕೇಸರಿಬಾತನ್ನು ಹಸುವಿಗೆ ಹಾಕಿ ಬಂದ ಕೈ ಇನ್ನೂ ಜಿಡ್ಡಾಗಿತ್ತು.

ಎದುರಿಗಿದ್ದವನು ಚಾಮರಾಜನಗರದ ಶಿವರುದ್ರಸ್ವಾಮಿ. ಬೆಂಗಳೂರಿನಿಂದ ಹಾರುವ ವಿಮಾನಗಳಲ್ಲಿ ರೇಡಿಯೋ ಆಪರೇಟರ್. ಬಿಳಿ ಯೂನಿಫಾರಂ ಬಸ್ಸಿನ ಧೂಳಿಗೆ ಕೆಂಪಾಗಿತ್ತು.

ಅವನು ಹೀಗೆ ಕೈಕೊಟ್ಟದ್ದು ಮೂರನೆಯ ಸಲ. ಮೂರು ಸಲವೂ ಅವಳು ರೇಷ್ಮೆ ಸೀರೆಯುಟ್ಟು, ಮುಡಿದ ಹೂ ಬಾಡುವವರೆಗೆ ಕೂತಿದ್ದಳು. ಕನ್ನಡ ನಾಡು ಒಂದಾದ ವರ್ಷ ಅದು. ಗುಂಡ್ಲುಪೇಟೆಗೆ ಮಾತ್ರ ಇವಳದೇ ದೊಡ್ಡ ಸುದ್ದಿ. ಪಕ್ಕದ ಮನೆಯ ಪುಟ್ಟಬಸಮ್ಮ, "ಇಮಾನದೋನು ಮೇಲಿಂದ್ಲೇ ನೋಡ್ಕಂಡು ಒಂಟೋದ್ನೇನೋ ಕಣಮ್ಮಿ" ಎಂದು ನಕ್ಕಿದ್ದಳು.

ಕಳಿಸಿಬಿಡು ಅವನನ್ನು ಎಂದು ಅಪ್ಪ ಶಂಭುಲಿಂಗಪ್ಪ ಒಳಗಿನಿಂದಲೇ ಗದರಿದರು.

'ಹೋಗಲಿ... ಆದರೆ ಕೇಳದೆ ಬಿಡಲಾರೆ,' ಎಂದುಕೊಂಡಳು ಗಂಗಾಂಬಿಕೆ.

"ಬೇಡವಾಗಿದ್ರೆ ಒಂದು ಮಾತು ಹೇಳಬಾರದಿತ್ತಾ?"

ಅವನು ತಲೆ ತಗ್ಗಿಸಿ ಹೇಳಿದ. ನಾಳೆ ಯಾರು ಹಾರಬೇಕೆಂದು ಹಲಗೆಯ ಮೇಲೆ ಬರೆಯುವುದೇ ಇವತ್ತು ಸಂಜೆ. ಬರೆದದ್ದೂ ನಿಲ್ಲುವುದಿಲ್ಲ, ರೈಲು ಹತ್ತಲು ಹೊರಟವನನ್ನು ಕಂಪನಿಯ ಜೀಪು ಬಂದು ಹಿಡಿದೊಯ್ಯುತ್ತದೆ. ಹೆಣ್ಣು ನೋಡುವುದಕ್ಕೂ ರಜೆಯೇ ಎಂದು ಡ್ಯೂಟಿ ಹಾಕುವ ಸಾಹೇಬ ನಗುತ್ತಾನೆ. ಜೊತೆಯವನೊಬ್ಬನಿಗೆ ಮಗು ಹುಟ್ಟಿದ್ದು ಗೊತ್ತಾಗುವ ಹೊತ್ತಿಗೆ ಅದನ್ನು ಮಣ್ಣು ಮಾಡಿಯಾಗಿತ್ತು...

ಗಂಗಾಂಬಿಕೆಯ ಸಿಟ್ಟು ಇನ್ನಷ್ಟು ಏರಿತು. ಈಗ ಅದು ಕಣ್ಣಿಗೆ ಕಾಣದ ಆ ಸಾಹೇಬನ ಮೇಲೆ.

"ನೀವೆಲ್ಲ ಬಾಯಿ ಮುಚ್ಕೊಂಡಿದ್ರಾ?"

"ಇಲ್ಲ. ತಿಂಗಳ ಡ್ಯೂಟಿ ಮೊದಲೇ ಹೇಳಿ ಅಂತ ಎಲ್ಲರೂ ಸೇರಿ ಕೇಳಿದ್ವಿ. ಹೆದರಿಸಿದ ಮೇಲೆ ಸುಮಾರು ಜನ ಹಿಂದೆ ಸರಿದ್ರು, ನಾನು ಸರೀಲಿಲ್ಲ. ಅದಕ್ಕೇ ಬೇಕಂತ್ಲೇ ನನ್ನನ್ನೇ ಡ್ಯೂಟಿಗೆ ಎಳೀತಾರೆ." ತಡೆದು ಮುಂದುವರಿಸಿದ. "ಇವತ್ತು ಅಲ್ಲಿ ಯಾರಿಗೂ ಹೇಳದೆ ಬಂದ್ಬಿಟ್ಟೆ, ನನ್ನ ಒಪ್ಕೋಬೇಡಿ ಅನ್ನೋಕೆ. ನಿಮ್ಮ ಫೋಟೋ ನೋಡಿದಾಗಿಂದ ನೀವೇ ಬೇಕು ಅನ್ಸಿದೆ... ಆದ್ರೆ ಹಿಂಗೆ ಕಾಯ್ತಾ ಕೂರೋ ಬಾಳು ನಿಮಗೆ ಬೇಡ."

ಫೋಟೋದ ಮಾತು ಗಂಗಾಂಬಿಕೆಗೆ ಹಿತವಾಯಿತು. ಆದರೂ ದನಿ ತಗ್ಗಲಿಲ್ಲ.

"ಬೇಕೋ ಬೇಡವೋ ನಾನು ಹೇಳೋದು. ಆ ಸಾಹೇಬನೂ ಅಲ್ಲ, ನೀವೂ ಅಲ್ಲ."

ಶಂಭುಲಿಂಗಪ್ಪ ಎದ್ದು ಬಂದರು. ಎಂದೂ ಗಟ್ಟಿಯಾಗಿ ಮಾತಾಡದ ಮಗಳ ಮುಖ ನೋಡಿ ಬಾಗಿಲ ಬಳಿಯೇ ನಿಂತರು.

"ಅಪ್ಪಾ, ಪಂಚಾಂಗ ತೆಗೀರಿ. ಮದುವೆ ದಿನ ಇಡೋರು ನಾವು." ಅವನತ್ತ ತಿರುಗಿದಳು. "ಅವತ್ತು ಜೀಪು ಬಂದ್ರೆ?"

"ಹತ್ತಲ್ಲ."

"ಕೆಲಸ ಹೋದ್ರೆ?"

"ಹೋಗ್ಲಿ."

"ಹೋಗ್ಲಿ ಅನ್ಬೇಡಿ. ಅದನ್ನೂ ಬಿಡಬೇಡಿ, ನನ್ನೂ ಬಿಡಬೇಡಿ. ಎರಡೂ ನಿಮ್ಮ ಹಕ್ಕು."

ಅವನು ಮೊದಲ ಬಾರಿಗೆ ಮುಖವೆತ್ತಿ ಅವಳನ್ನು ನೋಡಿದ. "ಜಗಳಕ್ಕೆ ನೀವೂ ಬರ್ತೀರಾ?"

ಗಂಗಾಂಬಿಕೆ ಹೊಸ್ತಿಲು ಬಿಟ್ಟು ಸರಿದಳು.

"ಮೊದ್ಲು ಕಾಲು ತೊಳ್ಕೊಂಡು ಒಳಗೆ ಬನ್ನಿ."