ತೊಗಲಪಟ್ಟಿಯ ಮೂರು ಗಾಯ

ಇನ್ಸ್‌ಪೆಕ್ಟರ್ ಸಾಹೇಬರ ಗಲ್ಲದಿಂದ ಹರಿದ ರಕ್ತದಲ್ಲಿ ಹಡಗು ತೇಲಿಸಬಹುದಿತ್ತು. ಸರಿ, ಕಾಗದದ ಹಡಗು. ಸರಿ ಬಿಡಿ, ಮೂರು ಹನಿ. ಆದರೆ ಆ ಮೂರು ಹನಿಗೆ ನಮ್ಮ ಕ್ಷೌರದಂಗಡಿಯಲ್ಲಿ ಎದ್ದ ಗಲಾಟೆ ಮೂರು ಕೊಲೆಯಾಗಿದ್ದರೂ ಏಳುತ್ತಿರಲಿಲ್ಲ.

ನಾನು ಆಗಷ್ಟೇ ಬಾಗಿಲು ದಾಟಿ ಒಳಗೆ ಕಾಲಿಟ್ಟಿದ್ದೆ. ಅಪ್ಪ ಮೊದಲ ಕುರ್ಚಿಯ ಪಕ್ಕ ನಿಂತಿದ್ದ. ಎಡಗೈಯಲ್ಲಿ ಕತ್ತಿ, ಬಲಗೈಯಲ್ಲಿ ಟವೆಲ್. ನಲವತ್ತು ವರ್ಷದಲ್ಲಿ ಒಂದು ಗಲ್ಲವನ್ನೂ ಗೀರದ ಮನುಷ್ಯ. ನನ್ನನ್ನು ಕಂಡದ್ದೇ ತಡ, ಕನ್ನಡಿಗಳೆಲ್ಲ ಅದುರುವಂತೆ ಕೂಗಿದ.

"ನೀನೇ! ನಿನ್ನೆ ಸಂಜೆ ಪಟ್ಟಿ ಮುಟ್ಟಿದ್ದೀಯ!"

"ಇಲ್ಲಪ್ಪಾ. ಸಾಣೆಕಲ್ಲು ಮಾತ್ರ."

"ಬಾಯಿ ಮುಚ್ಚು. ನೋಡಿಲ್ಲಿ!"

ಗೋಡೆಯ ಕೊಕ್ಕೆಯಿಂದ ಕತ್ತಿ ತೀಡುವ ತೊಗಲಪಟ್ಟಿ ನೇತಾಡುತ್ತಿತ್ತು. ಅಪ್ಪನ ಗುರುವಿನ ಕಾಲದ್ದು. ಕೊಕ್ಕೆಯ ಹತ್ತಿರ, ಅಂಚಿನಲ್ಲಿ, ಹೊಸದಾಗಿ ಮೂರು ಗಾಯ. ಉಗುರಿನ ಚೂರಿನಂತೆ ಬಾಗಿದ ಗಾಯಗಳು.

ಅಪ್ಪ ಸಾಹೇಬರಿಗೆ ವಿವರಿಸಿದ. ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಎಳೆಯುವಾಗ ಬಾಯಿ ಮುಂದೆ ಹೋಗಬೇಕು. ತೊಗಲಿನ ಮೇಲೆ ಉಲ್ಟಾ, ಬೆನ್ನು ಮುಂದೆ, ಬಾಯಿ ಹಿಂದೆ. ಕೊಕ್ಕೆಯವರೆಗೆ ಹೋಗಿ, ಬೆನ್ನಿನ ಮೇಲೆ ಮಗ್ಗುಲು ತಿರುಗಿಸಿ, ವಾಪಸು. ಹೊಸಬರು ಆ ತಿರುವಿನಲ್ಲೇ ಎಡವುತ್ತಾರೆ. ಕತ್ತಿಯ ಮೂಗು, ಅಂದರೆ ತುದಿ, ಬಗ್ಗಿ ತೊಗಲು ಕಚ್ಚುತ್ತದೆ. ತೊಗಲೂ ಹಾಳು, ಕತ್ತಿಯೂ ಮೊಂಡು.

"ಇಲ್ಲಿ ಹೊಸಬರು ಯಾರು? ಇವಳೊಬ್ಬಳೇ," ಎಂದ. "ಇವತ್ತು ಮೂರನೇ ಕುರ್ಚಿ ಕೊಡೋಣ ಅಂತಿದ್ದೆ. ಮರ್ತುಬಿಡು. ನಾಳೆಯಿಂದ ಚಿಕ್ಕಮ್ಮನ ಟೈಲರ್ ಅಂಗಡೀಲಿ ಗುಂಡಿ ಹೊಲಿ."

ನನ್ನ ನೆತ್ತಿಯ ಮೇಲೆ ನೀರಿಟ್ಟಿದ್ದರೆ ಕುದಿಯುತ್ತಿತ್ತು.

ಯಾರಿಗೆ ಹೇಳುತ್ತಿದ್ದಾನೆ ಇವನು? ನನ್ನಂಥ ಶಿಷ್ಯೆ ಈ ಭೂಮಿಯ ಮೇಲೆ ಹಿಂದೆ ಹುಟ್ಟಿಲ್ಲ. ಆರೇ ವಾರದಲ್ಲಿ ಕಲ್ಲು ನನ್ನ ಮಾತು ಕೇಳುತ್ತಿತ್ತು. ಕತ್ತಿಯ ಬಾಯಿಗೆ ಪೆನ್ನಿನ ಮಸಿ ಬಳಿದು, ಮಸಿ ತುದಿಯಿಂದ ಬುಡದವರೆಗೆ ಸಮನಾಗಿ ಅಳಿಯುವ ತನಕ ಎಳೆಯುತ್ತಿದ್ದೆ. ಭಾರ ಹಾಕದೆ, ಬೆನ್ನು ಎತ್ತದೆ. ನಿನ್ನೆ ಸಂಜೆ ಆ ಕತ್ತಿ ಗಾಳಿಯನ್ನೇ ಎರಡು ಹೋಳು ಮಾಡುತ್ತಿತ್ತು.

ನಾನು ತೋಳು ಚಾಚಿದೆ. "ಸಾಹೇಬ್ರೆ, ನೋಡಿ. ನಿನ್ನೆ ಸಂಜೆ ಪರೀಕ್ಷೆ ಮಾಡಿದ್ದು."

ಮಣಿಕಟ್ಟಿನ ಮೇಲೆ ರೂಪಾಯಿಯಗಲ ಬೋಳು. ಒಂದು ಕೂದಲೂ ಉಳಿದಿರಲಿಲ್ಲ.

"ಅಂದ್ರೆ ನೀನು ಬಿಟ್ಟು ಹೋದಾಗ ಕತ್ತಿ ಹರಿತವಾಗಿತ್ತು," ಎಂದರು ಸಾಹೇಬರು. ಒಂದು ಗಲ್ಲ ನುಣುಪು, ಇನ್ನೊಂದು ನೊರೆ. "ಆಮೇಲೆ ಯಾರೋ ಮುಟ್ಟಿದಾರೆ. ಯಾರು ಅಂತ ಹೇಳ್ತೀಯಾ?"

"ಹೇಳ್ತೀನಿ."

"ಅರ್ಧ ಗಡ್ಡದಲ್ಲಿ ಠಾಣೆಗೆ ಹೋದ್ರೆ ಲಾಕಪ್ಪಲ್ಲಿರೋ ಕಳ್ಳರೂ ನಗ್ತಾರಮ್ಮ. ಈ ನೊರೆ ಒಣಗೋ ತನಕ ಟೈಮ್."

ಅಪ್ಪ ಹಲ್ಲು ಕಚ್ಚಿ ಟೀ ಲೋಟ ಎತ್ತಿದ. ಅರ್ಧ ಟೀ ಅಂಗಿಯ ಮೇಲೆ ಚೆಲ್ಲಿತು. ಅಷ್ಟು ಸಿಟ್ಟೇ! ಅಂದುಕೊಂಡೆ.

* * *

ನನ್ನ ಕಣ್ಣು ನೇರ ಎರಡನೇ ಕುರ್ಚಿಗೆ ಹೋಯಿತು. ಅಲ್ಲಿ ಚಿಕ್ಕಪ್ಪ ನಿಂತು ಮುಸಿಮುಸಿ ನಗುತ್ತಿದ್ದ. ಅವನ ಎಡ ಹೆಬ್ಬೆರಳಿಗೆ ಬ್ಯಾಂಡೇಜು.

"ಚಿಕ್ಕಪ್ಪಾ, ನಿನ್ನೆ ಅಂಗಡಿ ಬೀಗ ಹಾಕಿದ್ದು ಯಾರು?"

"ನಾನೇ."

"ಮೂರನೇ ಕುರ್ಚಿ ನಿನ್ನ ಭಾವಮೈದುನನಿಗೆ ಬೇಕು ಅಂದಿದ್ದು ಯಾರು?"

"ನಾನೇ. ಈಗಲೂ ಅಂತೀನಿ."

"ಬೆರಳಿಗೆ ಏನಾಯ್ತು?"

"ಪೌಡರ್ ಡಬ್ಬಿ ಮುಚ್ಚಳ."

"ಸುಳ್ಳು! ಪಟ್ಟಿ ಹಿಡ್ಕೊಂಡಿದ್ದ ಬೆರಳು ಅದು!"

ಚಿಕ್ಕಪ್ಪನ ನಗು ನಿಂತಿತು. "ಏಯ್, ಹದಿನೈದು ವರ್ಷದಿಂದ ನಾನು ಬ್ಲೇಡ್ ಬದಲಿಸೋ ಕತ್ತಿ ಬಿಟ್ಟು ಬೇರೇದು ಮುಟ್ಟಿಲ್ಲ. ಆ ಹಳೇ ತೊಗಲು ಕಂಡ್ರೆ ನಂಗೆ ಸೀನು ಬರುತ್ತೆ."

"ಹಾಗಾದ್ರೆ ಬಾ. ಈ ಬಾಚಣಿಗೇನ ಕತ್ತಿ ಅಂದ್ಕೊಂಡು ಎಳೆದು ತೋರ್ಸು."

ಬಯ್ಯುತ್ತಲೇ ಬಂದ. ಎಡಗೈಯಲ್ಲಿ ಪಟ್ಟಿಯ ತುದಿ ಬಿಗಿ ಹಿಡಿದ. ಬಲಗೈಯಲ್ಲಿ ಬಾಚಣಿಗೆ ಅಡ್ಡ ಇಟ್ಟು ಕೊಕ್ಕೆಯ ಕಡೆಗೆ ತಳ್ಳಿದ. ತಿರುವಿನಲ್ಲಿ ಬಾಚಣಿಗೆಯ ಮೂಗು ಬಗ್ಗಿತು. ಹೊಸಬರ ತಪ್ಪು, ಅಚ್ಚುಕಟ್ಟಾಗಿ. ಜೊತೆಗೆ ಎರಡು ಸೀನು.

"ಸಿಕ್ಕಿಬಿದ್ದ!" ಎಂದು ಕುಣಿದೆ.

"ಎಲ್ಲಿ ಸಿಕ್ಕಿಬಿದ್ದ?" ಎಂದರು ಸಾಹೇಬರು, ಕತ್ತು ಚಾಚಿ. "ಇವನ ಬಾಚಣಿಗೆ ತಾಗಿದ್ದು ಪಟ್ಟಿಯ ಎಡ ಅಂಚಿಗೆ. ಗಾಯ ಇರೋದು ಬಲ ಅಂಚಲ್ಲಿ."

ನಾನು ನೋಡಿದೆ. ಮತ್ತೆ ನೋಡಿದೆ. ನನ್ನ ಕುಣಿತ ಅಲ್ಲಿಗೇ ನಿಂತಿತು.

* * *

ನನ್ನ ಚೀಲದಲ್ಲಿ ಒಂದು ವಸ್ತುವಿತ್ತು. ಅದನ್ನು ಯಾರಿಗೂ ತೋರಿಸುವುದಕ್ಕಿಂತ ಸಾಯುವುದೇ ಮೇಲು ಎಂದುಕೊಂಡಿದ್ದೆ. ನನ್ನ ಹಳೆಯ ಸೊಂಟದ ಬೆಲ್ಟು. ಮೊದಲ ವಾರ ಮನೆಯ ಕಿಟಕಿಗೆ ಕಟ್ಟಿ, ಸಂತೆಯಲ್ಲಿ ಕೊಂಡ ಹಳೇ ಕತ್ತಿಯಿಂದ ಕದ್ದು ಕಲಿತಿದ್ದೆ. "ಮೊದಲ ದಿನವೇ ಒಂದು ಗೀರೂ ಬೀಳಲಿಲ್ಲ" ಎಂದು ಬೀದಿಯಲ್ಲೆಲ್ಲ ಕೊಚ್ಚಿಕೊಂಡಿದ್ದೆ.

ಏಳು ಗೀರು ಬಿದ್ದಿದ್ದವು.

ಹೊರಗೆಳೆದು, ತೊಗಲಪಟ್ಟಿಯ ಪಕ್ಕದ ಕೊಕ್ಕೆಗೆ ನೇತು ಹಾಕಿದೆ. ಕಿವಿ ಸುಡುತ್ತಿತ್ತು.

"ಇದು ನನ್ನ ಕೈ," ಎಂದೆ. "ಏಳೂ ನನ್ನವೇ. ಏಳೂ ಎಡ ಅಂಚಲ್ಲಿ."

ಚಿಕ್ಕಪ್ಪ ಬಾಯಿ ತೆರೆದ. ಸಾಹೇಬರು ಕಣ್ಣು ಬಿಟ್ಟರು. ಬಾಯಿ ಮುಚ್ಚಿದ.

"ಬಲಗೈಯಲ್ಲಿ ಕತ್ತಿ ಹಿಡಿದ್ರೆ ಅದರ ಮೂಗು ಎಡಕ್ಕಿರುತ್ತೆ," ಎಂದೆ. "ಗಾಯ ಎಡ ಅಂಚಿಗೇ ಬೀಳುತ್ತೆ. ನನ್ನದೂ ಹಾಗೇ, ಚಿಕ್ಕಪ್ಪನದೂ ಹಾಗೇ. ಬಲ ಅಂಚು ಕೊಯ್ದವನ ಕತ್ತಿಯ ಮೂಗು ಬಲಕ್ಕಿತ್ತು. ಅಂದ್ರೆ ಕತ್ತಿ ಇದ್ದಿದ್ದು ಎಡಗೈಯಲ್ಲಿ."



ಅಪ್ಪ ಲೋಟ ಕೆಳಗಿಡಲು ಹೋದ. ಎಡಗೈಯಲ್ಲಿ. ಗಾಜು ಕನ್ನಡಿಯಡಿಯ ಅಮೃತಶಿಲೆ ಹಲಗೆಯ ಮೇಲೆ ಟಕಟಕ ಕುಟ್ಟಿತು. ನಿಲ್ಲಲೇ ಇಲ್ಲ.

ಅದು ಸಿಟ್ಟಿನ ನಡುಕವಾಗಿರಲಿಲ್ಲ.

ಎಲ್ಲ ಒಂದೇ ಏಟಿಗೆ ಹೊಳೆಯಿತು. ತಿಂಗಳ ಹಿಂದೆ "ನೀನು ಕಲೀಬೇಕು" ಎಂದು ಕಲ್ಲಿನ ಕೆಲಸ ಪೂರ್ತಿ ನನಗೆ ಬಿಟ್ಟದ್ದು. ಪಟ್ಟಿಯ ಕೆಲಸ ಮಾತ್ರ ತನ್ನದೇ ಎಂದು ಹಟ ಹಿಡಿದದ್ದು. ಅದೂ ನಾವು ಬರುವ ಮೊದಲೇ, ಒಬ್ಬನೇ, ಅಂಗಡಿ ಬೇಗ ತೆರೆದು. ಕೈಯ ನಡುಕವನ್ನು ಕಲ್ಲು ನಿಧಾನಕ್ಕೆ ಬಯಲು ಮಾಡುತ್ತದೆ. ತೊಗಲು ಆ ಕ್ಷಣವೇ ಹೇಳಿಬಿಡುತ್ತದೆ.

"ಬೆಳಿಗ್ಗೆ ಪಟ್ಟಿ ಎಳೆದಿದ್ದು ನೀನು," ಎಂದೆ. "ತಿರುವಿನಲ್ಲಿ ಕೈ ನಡುಗಿತು. ಒಂದಲ್ಲ, ಮೂರು ಸಲ. ಕತ್ತಿ ಮೊಂಡಾಗಿದ್ದು ಗೊತ್ತಿತ್ತು ನಿಂಗೆ. ಗೊತ್ತಿದ್ದೂ ಸಾಹೇಬ್ರ ಗಲ್ಲಕ್ಕಿಟ್ಟೆ."

ಅಪ್ಪ ನನ್ನತ್ತ ನೋಡಲಿಲ್ಲ. ನನ್ನ ಬೆಲ್ಟಿನ ಏಳು ಗೀರುಗಳನ್ನೇ ನೋಡುತ್ತಿದ್ದ.

"ಇಷ್ಟು ವರ್ಷ ಆಯ್ತು ಕಣೇ," ಎಂದ. "ಎಲ್ಲರ ಮುಂದೆ ಕೈ ಸೋತಿದೆ ಅಂತ ಹೇಗೆ ಹೇಳ್ಲಿ?"

"ಅದಕ್ಕೆ ನನ್ನ ಕೈ ಕೆಟ್ಟದು ಅಂತ ಹೇಳ್ದೆ! ಎಲ್ಲರ ಮುಂದೆ! ನಿನ್ನ ಮರ್ಯಾದೆ ಉಳಿಸೋಕೆ ನಾನು ಜೀವಮಾನ ಪೂರ್ತಿ ಗುಂಡಿ ಹೊಲೀಬೇಕಾ? ನಂಗೆ ಹೇಳಿದ್ರೆ ಆಗ್ತಿರಲಿಲ್ವಾ? ನಾನೇನು ಹೊರಗಿನವಳಾ?"

ನನಗೆ ಅಳು ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣಿಗೆ ಸೋಪು ಹೋಗಿತ್ತು. ಎರಡೂ ಕಣ್ಣಿಗೆ.

"ಅಮ್ಮಾ," ಎಂದರು ಸಾಹೇಬರು. "ಕೇಸು ಮುಗೀತು. ನೊರೆ ಒಣಗ್ತಾ ಇದೆ."

* * *

ಕತ್ತಿಯನ್ನು ಕಲ್ಲಿಗೆ ತಂದೆ. ನೀರು. ಮಸಿ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ಅಂಟಿದಂತೆ, ಬಾಯಿ ಮುಂದೆ. ಮಸಿ ಸಮನಾಗಿ ಅಳಿಯಿತು. ಮಣಿಕಟ್ಟಿನ ಬೋಳು ಇನ್ನೊಂದು ರೂಪಾಯಿಯಷ್ಟು ಹಿಗ್ಗಿತು.

ಗುರುವಿನ ಪಟ್ಟಿ ಮುಟ್ಟಲಿಲ್ಲ. ನನ್ನ ಬೆಲ್ಟೇ ಸಾಕು. ಅದರ ಗೀರುಗಳ ಅಂಚುಗಳನ್ನು ಎಂದೋ ಉಪ್ಪುಕಾಗದದಲ್ಲಿ ತಿಕ್ಕಿ ನುಣುಪು ಮಾಡಿದ್ದೆ. ಆದರೆ ಅದು ಗಿಡ್ಡ. ನಾನೇ ಎಡಗೈಯಲ್ಲಿ ಹಿಡಿದರೆ ಬಿಗಿ ಸಾಲುತ್ತಿರಲಿಲ್ಲ.

"ತುದಿ ಹಿಡಿ," ಎಂದೆ ಅಪ್ಪನಿಗೆ. ಕೇಳಿಕೊಂಡದ್ದಲ್ಲ, ಹೇಳಿದ್ದು.

ಬಲಗೈ ಚಾಚಿ ಹಿಡಿದ. ಆ ಕೈ ಅಲುಗಲಿಲ್ಲ. ನಲವತ್ತು ವರ್ಷ ಪಟ್ಟಿ ಹಿಡಿದ ಕೈ ಅದು. ಬೆನ್ನು ಮುಂದೆ, ಬಾಯಿ ಹಿಂದೆ, ಮಗ್ಗುಲು. ಮೂವತ್ತು ಸಲ. ಒಂದು ಗೀರೂ ಇಲ್ಲ. ಇದು ಕೊಚ್ಚಿಕೊಳ್ಳುವ ಮಾತಲ್ಲ. ಚಿಕ್ಕಪ್ಪನೇ ಸಾಕ್ಷಿ, ಸೀನುತ್ತ ಎಣಿಸಿದ್ದಾನೆ.

ಸಾಹೇಬರ ಇನ್ನೊಂದು ಗಲ್ಲವನ್ನು ನಾನೇ ಬೋಳಿಸಿದೆ. ಅವರು ಕೆನ್ನೆ ಸವರಿಕೊಂಡು, ಇಷ್ಟು ನುಣುಪು ಹುಟ್ಟಿದಾಗ ಮಾತ್ರ ಇತ್ತು ಅಂದರು. ಸರಿ, "ಪರವಾಗಿಲ್ಲ" ಅಂದರು.

ಮೂರನೇ ಕುರ್ಚಿಯನ್ನು ಚಿಕ್ಕಪ್ಪನ ಭಾವಮೈದುನ ತೆಗೆದುಕೊಂಡ. ನನಗದು ಬೇಡವಾಗಿತ್ತು. ನಾನು ಈಗ ನಿಲ್ಲುವುದು ಮೊದಲನೆಯದರ ಪಕ್ಕ.

ಅಪ್ಪನ ಜೊತೆ ಇನ್ನೂ ಮಾತು ಬಿಟ್ಟಿದ್ದೇನೆ. ದಿನಕ್ಕೊಂದೇ ಮಾತು, ಬೆಳಿಗ್ಗೆ, ಅಂಗಡಿ ತೆರೆದ ಕೂಡಲೇ.

"ಬಿಗಿಯಾಗಿ ಹಿಡಿ."

ಹಿಡಿಯುತ್ತಾನೆ.